ಮೊಂಡುತನಕ್ಕೆ ಪಾಲಿಶ್ ಯಾಕ್ರೀ?

ಆಫೀಸಿನಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವುದರಲ್ಲಿ ನಾವೆಲ್ಲ ಪಳಗಿದ್ದೇವೆ. ಅಡುಗೆಮನೆಯ ಚಾಕು ಮಸೆಯೋಕೆ ಮಾತ್ರ ಬರಲ್ಲ.

ನನ್ನ ತಕರಾರು 6000, 8000 ಗ್ರಿಟ್ಟಿನ ಸಾಣೆಕಲ್ಲು ತರಿಸಿಕೊಳ್ಳುವ ಗೆಳೆಯರ ಮೇಲೆ. ಗ್ರಿಟ್ ಸಂಖ್ಯೆ ಏರಿದಷ್ಟೂ ಕಲ್ಲು ನುಣುಪು. ಗಂಟೆಗಟ್ಟಲೆ ಉಜ್ಜಿ, ಕನ್ನಡಿಯಂತೆ ಹೊಳೆಯುವ ಚಾಕುವಿನ ಫೋಟೋ ಸ್ಟೇಟಸ್ಸಿಗೆ ಹಾಕ್ತಾರೆ. ಅದೇ ಚಾಕು ಟೊಮೇಟೊ ಸಿಪ್ಪೆಯ ಮೇಲೆ ಜಾರುತ್ತೆ. ಮೊಂಡಾದ ಚಾಕುವಿನ ಬಾಯಿ ದುಂಡಗಾಗಿರುತ್ತದೆ. ಲೋಹ ಸವೆಸಿ ಹೊಸ ಬಾಯಿ ತೆಗೆಯಬೇಕು. ಅದು 200, 400 ಗ್ರಿಟ್ಟಿನ ಒರಟು ಕಲ್ಲಿನ ಕೆಲಸ. ಅದಿಲ್ಲದೆ ನುಣುಪು ಕಲ್ಲು ಹಿಡಿದರೆ ಮೊಂಡುತನಕ್ಕೆ ಪಾಲಿಶ್ ಹಾಕಿದಂತೆ, ಅಷ್ಟೆ.

ಒರಟು ಕಲ್ಲು ಚಾಕುವನ್ನೇ ತಿಂದುಬಿಡುತ್ತೆ ಅಂತ ಹೆದರಿಸುವವರಿದ್ದಾರೆ. ತಿನ್ನಲಿ ಸ್ವಾಮಿ, ತಂದಿದ್ದೇ ಅದಕ್ಕೆ. ಚಾಕು ಕೆಡುವುದು ಒಣ ಚಕ್ರಕ್ಕೆ ಕಿಡಿ ಹಾರುವಂತೆ ಒತ್ತಿದಾಗ. ಆ ಕಾವಿಗೆ ಉಕ್ಕಿನ ಹದ ಹೋಗಿ ಅಲಗು ಮೆತ್ತಗಾಗುತ್ತದೆ. ನೀರು ಹಾಕಿ ಕೈಯಲ್ಲಿ ಮಸೆದರೆ ಆ ಭಯವಿಲ್ಲ.

ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಕಲ್ಲು ಸಾಕು: ಒಂದು ಬದಿ ಒರಟು, ಇನ್ನೊಂದು ನುಣುಪು. 4 ಸೆಂ.ಮೀ. ಅಗಲದ ಚಾಕುವಿನ ಬೆನ್ನನ್ನು ಕಲ್ಲಿನಿಂದ 1 ಸೆಂ.ಮೀ. ಎತ್ತಿ ಹಿಡಿದರೆ ಸುಮಾರು 15 ಡಿಗ್ರಿ ಕೋನ. ಒರಟು ಬದಿಯ ಮೇಲೆ ಚಾಕುವಿನ ಒಂದು ಪಕ್ಕ ಉಜ್ಜುತ್ತಾ ಹೋಗಿ. ಇನ್ನೊಂದು ಪಕ್ಕದಲ್ಲಿ ಬೆರಳನ್ನು ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿದರೆ, ಲೋಹದ ತೆಳು ಎಳೆಯೊಂದು ಉದ್ದಕ್ಕೂ ತರಿತರಿಯಾಗಿ ತಾಗಬೇಕು. ಆಮೇಲೆ ಚಾಕು ತಿರುಗಿಸಿ ಹಾಗೇ ಮಾಡಿ. ಕೊನೆಗೆ ತೀರಾ ಹಗುರವಾಗಿ ಅತ್ತ ಇತ್ತ ನಾಲ್ಕಾರು ಸಲ ಎಳೆದು ಆ ಎಳೆ ತೆಗೆಯಿರಿ. ಬಾಯಲ್ಲಿ ಉಳಿಯುವ ಸಣ್ಣ ಸಣ್ಣ ಹಲ್ಲುಗಳೇ ಟೊಮೇಟೊ ಸಿಪ್ಪೆಯನ್ನು ಕಚ್ಚೋದು. ನಮ್ಮ ಮನೆಯ ಚಾಕುವಿಗೆ ನುಣುಪು ಬದಿ ಬೇಕಾಗುವುದೇ ಅಪರೂಪ.

ಇದು ಹವ್ಯಾಸದ ಮಾತಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಚಾಕು ಕೊಂಡವರು ಒಬ್ಬರು, ಹಿಡಿಯುವವರು ಇನ್ನೊಬ್ಬರು. ಬೆಳಗ್ಗೆ ಏಳಕ್ಕೇ ಬಂದು, ಮನೆಯಿಂದ ಮನೆಗೆ ಹುರುಳಿಕಾಯಿ ಹೆಚ್ಚುತ್ತಾ ಹೋಗುವ ಅಡುಗೆಯ ಅಕ್ಕ ಮೊಂಡು ಚಾಕುವನ್ನು ಒತ್ತಿ ಒತ್ತಿ ಹೆಚ್ಚಬೇಕು. ಒತ್ತಿದ್ದು ಜಾರಿದರೆ ಬೆರಳಿಗೇ ಏಟು. ‘ಚಾಕು ಸರಿ ಇಲ್ಲಮ್ಮ’ ಅಂತ ಎರಡು ಸಲ ಹೇಳ್ತಾರೆ, ಮೂರನೇ ಸಲ ಸುಮ್ಮನಾಗ್ತಾರೆ. ಆ ಸುಮ್ಮನಿರುವಿಕೆಗೆ ನಾವು ಅಡ್ಜಸ್ಟ್‌ಮೆಂಟ್ ಅಂತ ಹೆಸರಿಟ್ಟಿದ್ದೇವೆ.

ಏರ್ ಫ್ರೈಯರ್‌ಗೆ ಸಾವಿರಗಟ್ಟಲೆ ಸುರಿಯೋ ನಮಗೆ ಒಂದು ಒರಟು ಕಲ್ಲು, ತಿಂಗಳಿಗೆ ಹತ್ತು ನಿಮಿಷ ದುಬಾರಿಯೇನ್ರೀ? ಹೊಳಪು ಫೋಟೋಗೆ ಬೇಕು. ಹುರುಳಿಕಾಯಿಗೆ ಬೇಕಿರೋದು ಹರಿತ.