ಗೃಹಹಿತ: ಲಾಯದಲ್ಲಿರಿಸಿದ ಕುದುರೆ

ಬುಕ್ಕಾಂಬುಧಿಯ ಸುತ್ತಣ ಸೀಮೆಯವರು ದನಕರುಗಳ ಪಾಲನೆಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ನೆರೆಯ ಅಜ್ಜಂಪುರವು ಅಮೃತಮಹಲ್ ತಳಿಗೆ ಹೆಸರಾದ ಊರು. ಟಿಪ್ಪುವಿನ ಕಾಲದಲ್ಲಿ ಆ ತಳಿಯ ಎತ್ತುಗಳು ಸೈನ್ಯದ ಫಿರಂಗಿಗಳನ್ನೆಳೆದವು; ಅದೇ ಸೈನ್ಯಕ್ಕೆ ಕುಣಿಗಲಿನಲ್ಲಿ ಕುದುರೆಗಳನ್ನು ಬೆಳೆಸುತ್ತಿದ್ದರು. ಎತ್ತಿನ ಪರಿಚಯವು ನಮ್ಮ ಮನೆಗಳಲ್ಲಿ ಉಳಿಯಿತು. ಕುದುರೆಯದು ಬಹುಮಟ್ಟಿಗೆ ಅಳಿಯಿತು. ಈಗ ಆ ಆಸಕ್ತಿಯು ಬೇರೊಂದು ದಾರಿಯಿಂದ ಮರಳುತ್ತಿದೆ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿ, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ಸ್ಪರ್ಧಿಸಿದರು. ಮಕ್ಕಳಿಗೆ ಸವಾರಿಯನ್ನು ಕಲಿಸಬೇಕು, ಅನುಕೂಲವಿದ್ದರೆ ಕುದುರೆಯೊಂದನ್ನು ಕೊಂಡು, ತಿಂಗಳಿಗಿಷ್ಟೆಂದು ತೆತ್ತು ಸವಾರಿಶಾಲೆಯ ಲಾಯದಲ್ಲಿರಿಸಬೇಕು ಎಂಬ ಆಸೆಯುಳ್ಳವರು ಮೊದಲು ತಿಳಿಯತಕ್ಕ ಸಂಗತಿಯೊಂದಿದೆ: ಕುದುರೆಯು ದನದಂತಲ್ಲ.

ದನವು ಅವಸರದಿಂದ ಮೇದು, ಬಿಡುವಾದಾಗ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಮೈ ದೊಡ್ಡದಾದರೂ ಜಠರವು ಸಣ್ಣದು. ತಿಂದುದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ ಪ್ರೀತಿಯ ಭರದಲ್ಲಿ ಒಮ್ಮೆಗೇ ಹೆಚ್ಚು ಹುರುಳಿಯನ್ನೋ ಧಾನ್ಯವನ್ನೋ ತಿನ್ನಿಸಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹುಲ್ಲೇ ಅದರ ಮುಖ್ಯ ಆಹಾರ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಹುಲ್ಲನ್ನು ಹಲವು ಸಲ ಹಂಚಿ ಹಾಕಬೇಕು. ನೀರು 25 ಲೀಟರಿಗೆ ಕಡಮೆಯಾಗಬಾರದು, ಬೇಸಗೆಯಲ್ಲಿ ಇನ್ನೂ ಹೆಚ್ಚು ಬೇಕು. ಮೇವು ಬಿಟ್ಟು, ಗೊರಸಿನಿಂದ ನೆಲವನ್ನು ಕೆರೆಯುತ್ತ, ಮತ್ತೆ ಮತ್ತೆ ತನ್ನ ಪಕ್ಕೆಯ ಕಡೆಗೆ ತಿರುಗಿ ನೋಡುವ ಕುದುರೆಗೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರನ್ನು ಒಡನೆಯೇ ಕರೆಯಿಸತಕ್ಕದ್ದು.

ಲಾಯವನ್ನು ಆರಿಸುವವರು ಅದರ ಹೆಬ್ಬಾಗಿಲನ್ನು ನೋಡಿ ಮರುಳಾಗಬಾರದು. ಮಧ್ಯಾಹ್ನದ ಹೊತ್ತು, ಮುಂದಾಗಿ ತಿಳಿಸದೆ ಹೋಗಿರಿ. ಬಕೀಟಿನಲ್ಲಿ ತಿಳಿನೀರಿದೆಯೇ, ಹಾಸಿದ ಹುಲ್ಲು ಒಣಗಿದೆಯೇ, ಗೊರಸಿನ ತಳವು ದುರ್ಗಂಧವಿಲ್ಲದೆ ಶುಚಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿರಿ. ಗೊರಸನ್ನು 6ರಿಂದ 8 ವಾರಗಳಿಗೊಮ್ಮೆ ಕತ್ತರಿಸುವವರಾರು, ರಾತ್ರಿ ಕಾವಲಿರುವವರಾರು, ಕಾಯಿಲೆಯಾದರೆ ವೆಚ್ಚವು ಯಾರದು ಎಂಬುದೆಲ್ಲ ಬರವಣಿಗೆಯಲ್ಲಿರಲಿ.

ಇನ್ನು ಶಿಕ್ಷಣದ ಮಾತು. ಕುದುರೆಯು ಸ್ವಭಾವತಃ ಅಂಜುವ ಪ್ರಾಣಿ. ಓಡಿಹೋಗುವುದೇ ಅದರ ರಕ್ಷಣೆ. ಹೊಡೆದು ಕಲಿಸಿದರೆ ಅದು ಪಾಠವನ್ನಲ್ಲ, ಭಯವನ್ನೇ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಒಳ್ಳೆಯ ಶಿಕ್ಷಕನು ಮೊದಲು ಉದ್ದವಾದ ಹಗ್ಗದಲ್ಲಿ ಅದನ್ನು ಮಂಡಲಾಕಾರವಾಗಿ ನಡೆಯಿಸುತ್ತಾನೆ. ನಡಿಗೆ ಹದವಾದ ಮೇಲೆ ದುಡುಕೋಟ, ಅನಂತರವೇ ನಾಗಾಲೋಟ. ಲಗಾಮನ್ನೆಳೆದಾಗ ಕುದುರೆ ನಿಂತರೆ, ಆ ಕ್ಷಣದಲ್ಲಿಯೇ ಕೈಯನ್ನು ಸಡಿಲಿಸಬೇಕು. ಹಾಗೆ ಸಡಿಲಿಸುವುದೇ ಅದಕ್ಕೆ ಬಹುಮಾನ. ಸದಾ ಜಗ್ಗುವ ಕೈಗೆ ಕುದುರೆಯ ಬಾಯಿ ಜಡವಾಗುತ್ತದೆ.

ಮಗುವಿಗೂ ಇದೇ ಕ್ರಮವು ಹಿತ. ತಲೆಗೆ ಗಟ್ಟಿಯಾದ ಶಿರಸ್ತ್ರಾಣವಿಲ್ಲದೆ ಜೀನನ್ನೇರಲು ಬಿಡಬಾರದು. ಏರುವ ಮೊದಲು ಮೈಯುಜ್ಜುವುದನ್ನೂ ಗೊರಸು ಶುಚಿಮಾಡುವುದನ್ನೂ ಕಲಿಯಲಿ. ತಿಂಗಳ ಹಣವನ್ನು ತೆತ್ತ ಮಾತ್ರಕ್ಕೆ ಒಡೆಯನ ಹೊಣೆಯು ಲಾಯದವರಿಗೆ ವರ್ಗವಾಗುವುದಿಲ್ಲ. ಒಂದು ಮಳೆಗಾಲವೆಲ್ಲ ಮಗುವು ಬೇಸರಿಸದೆ ಲಾಯಕ್ಕೆ ಹೋಗಿ ಆ ಕೆಲಸಗಳನ್ನು ಮಾಡಿ ಬಂದರೆ, ಕುದುರೆಯನ್ನು ಕೊಳ್ಳುವ ಆಲೋಚನೆಯನ್ನು ಆಗ ಮಾಡಬಹುದು.