ಬಾಸ್ ಬೈದಿದ್ದಕ್ಕೆಲ್ಲ ಸಂಕೋಲೆ ಯಾಕೆ?

ಯಾವ ಬ್ಲಾಗ್ ತೆರೆದರೂ ಸಂಕೋಲೆ ಮಾರಾಯ್ರೆ! ಐಟಿ ಕೆಲಸ ಸಂಕೋಲೆ, ಇಎಂಐ ಸಂಕೋಲೆ, ಮೊಬೈಲೂ ಸಂಕೋಲೆ. ಏಸಿಯಲ್ಲಿ ಕೂತು ಕೋಡ್ ಬರೆಯುವ ನಾವೆಲ್ಲ ನಮ್ಮನ್ನೇ 'ಜೀತದಾಳು' ಅಂತ ಕರೆದುಕೊಳ್ಳುವುದನ್ನು ನೋಡಿದರೆ ನನಗಂತೂ ಸಿಟ್ಟು ಬರುತ್ತೆ.

ನಾನು ಹೊಸನಗರದ ಕಡೆಯವನು. ನಮ್ಮ ಕೊಟ್ಟಿಗೆಯಲ್ಲಿ ಕರುವಿನ ಕೊರಳಿಗೆ ಕಣ್ಣಿ, ಎತ್ತಿಗೆ ಮೂಗುದಾರ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಸಿಗುವ ಸಕ್ರೆಬೈಲಿನಲ್ಲಿ ಆನೆಗೆ ಸರಪಳಿ. ರಾತ್ರಿ ಕಾಡಿಗೆ ಮೇಯಲು ಬಿಟ್ಟರೂ ಅದನ್ನು ಎಳೆದುಕೊಂಡೇ ಹೋಗಬೇಕು, ಬೆಳಿಗ್ಗೆ ಮಾವುತ ಹುಡುಕಿಕೊಂಡು ಬರಲಿ ಅಂತ. ಕುದುರೆಗೆ ಕಡಿವಾಣ, ಕೈದಿಗೆ ಕೋಳ. ಯಾವ ಪದ ತಗೊಂಡರೂ ಅದಕ್ಕೆ ಎರಡು ತುದಿ... ಕಟ್ಟಿಸಿಕೊಂಡವರು ಒಂದು ಕಡೆ, ಹಿಡಿದುಕೊಂಡವರು ಇನ್ನೊಂದು ಕಡೆ.

ನಾವು ಈ ಎರಡನೇ ತುದಿಯನ್ನೇ ಕತ್ತರಿಸಿ ಬಿಸಾಕಿದ್ದೇವೆ. ಪೇಪರಿನಲ್ಲಿ "ಬೆಲೆ ಏರಿಕೆಗೆ ಕಡಿವಾಣ" ಅಂತ ಹೆಡ್ಡಿಂಗ್. ಕುದುರೆಯೂ ಇಲ್ಲ, ಸವಾರನೂ ಇಲ್ಲ! "ಮಾಣಿಗೊಂದು ಮೂಗುದಾರ ಹಾಕಿ" ಅಂತ ಮದುವೆ ಮಾತಲ್ಲಿ ನಗುತ್ತೇವೆ. ಆ ದಾರ ಹಿಡಿದು ನಿಲ್ಲುವ ಕೆಲಸವನ್ನು ಹುಡುಗಿಗೆ ವಹಿಸಿದ್ದು ಯಾರು ಅಂತ ಯಾರೂ ಕೇಳುವುದಿಲ್ಲ.

ಸಾಗರ ತಾಲೂಕಿನ ಕಾಗೋಡು ನೆನಪಿಸಿಕೊಳ್ಳಿ. 1951ರಲ್ಲಿ ಅಲ್ಲಿನ ಗೇಣಿ ರೈತರ ಕಾಲಿಗೆ ಸರಪಳಿ ಇರಲಿಲ್ಲ. ಅವರನ್ನು ಕಟ್ಟಿಹಾಕಿದ್ದು ಭತ್ತ ಅಳೆಯುವ ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗಿರುತ್ತಿತ್ತು. ಎಚ್. ಗಣಪತಿಯಪ್ಪನವರ ಜೊತೆ ನಿಂತ ಆ ರೈತರು "ಅಯ್ಯೋ ಬಂಧನ" ಅಂತ ಕೊರಗುತ್ತಾ ಕೂರಲಿಲ್ಲ, ಕೊಳಗದ ಅಳತೆ ಸರಿಮಾಡಿ ಅಂದರು. ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದರು. ಮುಂದೆ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಗೇಣಿದಾರನಿಗೆ ಜಮೀನನ್ನೇ ಕೊಟ್ಟಿತು. ಇದೆಲ್ಲ ಶುರುವಾಗಿದ್ದು ಕಟ್ಟಿದ ವಸ್ತುವನ್ನು ಅದರದ್ದೇ ಹೆಸರಿಂದ ಕರೆದಿದ್ದರಿಂದ.

ಜೀತವೂ ಅಷ್ಟೇ. 1976ರಲ್ಲಿ ಕಾಯ್ದೆ ಮಾಡಿ ರದ್ದು ಮಾಡಿದ್ದು ಸಾಲಕ್ಕೆ ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವ ಪದ್ಧತಿಯನ್ನು. ನೋಟಿಸ್ ಪೀರಿಯಡ್ಡನ್ನಲ್ಲ ಸ್ವಾಮಿ! ಆ ಪದವನ್ನು ನಾವೇ ಸವೆಸಿಬಿಟ್ಟರೆ, ನಾಳೆ ಯಾವುದೋ ಇಟ್ಟಿಗೆ ಗೂಡಿನಲ್ಲಿ ನಿಜವಾದ ಜೀತ ಸಿಕ್ಕಾಗ ಏನಂತ ಬರೆಯುತ್ತೀರಿ?

ಹಾಗಾದರೆ ರೂಪಕವೇ ಬೇಡವಾ ಅಂತ ಕೇಳಬಹುದು. ಧಾರಾಳವಾಗಿ ಬಳಸಿ. ಆದರೆ ಹಗ್ಗದ ಇನ್ನೊಂದು ತುದಿ ಯಾರ ಕೈಲಿದೆ ಅಂತಲೂ ಹೇಳಿ. ಕಂಪನಿಯವರು ನಿಮ್ಮ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಕೊಡುತ್ತಿಲ್ಲವಾ? ಅದು ಕಣ್ಣಿಯೇ, ಹಾಗಂತಲೇ ಬರೆಯಿರಿ. ಮೊದಲ ಕಾಮೆಂಟ್ ನಂದೇ. ಬಾಸ್ ಬೈದ, ಶನಿವಾರ ಆಫೀಸಿಗೆ ಕರೆದ ಅನ್ನುವುದಕ್ಕೆಲ್ಲ ಸಂಕೋಲೆ ಬೇಡ, 'ಕಿರಿಕಿರಿ' ಸಾಕು.

ಏನಂತೀರಿ?