ಸಾಲದ ಪಟ್ಟಿಗೆ ಸೇರದ ಸಾಲ



ಗೂಡಿಗೆ ಬೆಲೆ ಬಿದ್ದಾಗ ರಾಮನಗರದಲ್ಲಿ ರಸ್ತೆಗೆ ಕೂತಿದ್ದೇವೆ. ರಾಗಿ, ಮಾವು, ಹಾಲು ಯಾವುದಕ್ಕೂ ಹಾಕಿದ ಖರ್ಚು ಹುಟ್ಟುತ್ತಿಲ್ಲವೆಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಸೊಸೈಟಿ ಸಾಲ, ಬ್ಯಾಂಕಿನ ಸಾಲ, ಕೈಸಾಲ, ಅಡವಿಟ್ಟ ಒಡವೆ ಎಲ್ಲವನ್ನೂ ಪಟ್ಟಿ ಮಾಡಿದ್ದೇವೆ. ಒಂದು ಸಾಲವನ್ನು ಮಾತ್ರ ಯಾರೂ ಬರೆಸಿಲ್ಲ. ಅದು ಕುಡಿತದ ಸಾಲ. ನಾನೂ ಬರೆಸಿರಲಿಲ್ಲ.

ಮುಚ್ಚುಮರೆ ಯಾಕೆ? ಹದಿನಾರು ವರ್ಷ ಕುಡಿದವನು ನಾನು. ಗೂಡು ಮಾರಿದ ದಿನ ಆಗ ಕೈಗೇ ದುಡ್ಡು ಬರುತ್ತಿತ್ತು. ನನ್ನ ಹೆಂಡತಿ ನಿದ್ದೆಗೆಟ್ಟು, ಸೊಪ್ಪು ಹಾಕಿ ಸಾಕಿದ ಹುಳದ ದುಡ್ಡು ಅದು. ಬಸ್ ಸ್ಟ್ಯಾಂಡು ದಾಟುವುದರೊಳಗೆ ಅದರಲ್ಲೊಂದು ಪಾಲು ಹೋಗಿರುತ್ತಿತ್ತು. ತಕ್ಕಡಿಯಲ್ಲಿ ನೂರು ಗ್ರಾಂ ಹೆಚ್ಚುಕಮ್ಮಿಯಾದರೆ ಜಗಳಕ್ಕೆ ನಿಲ್ಲುತ್ತಿದ್ದ ನಾನು, ಲೆಕ್ಕ ಕೇಳಿದ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದೆ. ವೇದಿಕೆ ಮೇಲೆ ನ್ಯಾಯದ ಬೆಲೆಯ ಭಾಷಣ ಮಾಡಿ ಬಂದ ರಾತ್ರಿಯೂ ಇದೇ ಕಥೆ.

ಸರ್ಕಾರದ ಪಾಲು ಇಲ್ಲವೇ? ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಕುಡಿತ ಹೋಗಲಿಲ್ಲ. ಸಾರಾಯಿ ಕುಡಿಯುತ್ತಿದ್ದವನು ಅದಕ್ಕಿಂತ ದುಬಾರಿಯ ಬಾಟಲಿಗೆ ತಿರುಗಿದ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ನಮ್ಮ ಬೆಳೆಗೆ ಬೆಲೆ ಗೊತ್ತುಮಾಡಲು ಮೀನಮೇಷ ಎಣಿಸುವವರು, ನಮ್ಮ ಗಂಟಲಿನಿಂದ ಇಷ್ಟು ಬರಬೇಕೆಂದು ಸಲೀಸಾಗಿ ಗೊತ್ತುಮಾಡುತ್ತಾರೆ. ಇದರ ವಿರುದ್ಧ ಹೋರಾಡಲೇಬೇಕು. ಆದರೆ ಹೋರಾಟ ಗೆಲ್ಲುವ ತನಕ, ಇವತ್ತು ಸಂಜೆ ಕೈ ನಡುಗುತ್ತಾ ಕೂತಿರುವವನ ಗತಿ ಏನು?

ನಾನು ಕಬ್ಬಾಳಮ್ಮನ ಮುಂದೆ ಆಣೆ ಮಾಡಿದ್ದೆ. ಮೂರು ವಾರಕ್ಕೆ ಮುರಿದೆ. ಅಯ್ಯಪ್ಪನ ಮಾಲೆ ಹಾಕಿದೆ. ಮಾಲೆ ತೆಗೆದ ದಿನವೇ ಕುಡಿದೆ. ಕೊನೆಗೆ ಬೆಂಗಳೂರಿನಲ್ಲಿ ಡ್ರೈವರಾಗಿರುವ ನನ್ನ ಸೋದರಮಾವನ ಮಗ ಬಂದ. ಅವನೂ ಕುಡಿದು ಬಿಟ್ಟವನೇ. "ಭಾವ, ಬುದ್ಧಿ ಹೇಳಕ್ಕೆ ಬಂದಿಲ್ಲ. ಮೊದ್ಲು ಡಾಕ್ಟ್ರನ್ನ ನೋಡೋಣ. ಆಮೇಲೆ ಒಂದ್ಕಡೆ ಸುಮ್ನೆ ಕೂತಿದ್ದು ಬರೋಣ, ಬನ್ನಿ" ಅಂದ.

ಅವನು ಕರೆದುಕೊಂಡು ಹೋದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ. ಜನ ಅದನ್ನು ಎ.ಎ. ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರ ಕಷ್ಟ ಒಬ್ಬರಿಗೆ ಹೇಳಿಕೊಂಡು ಶುರುವಾದದ್ದು ಅದು. ಅವರಲ್ಲೊಬ್ಬ ಸ್ವತಃ ಡಾಕ್ಟರು. ಅಲ್ಲಿ ಫೀಸಿಲ್ಲ, ಜಾತಿ ಕೇಳಲ್ಲ, ಪೂರ್ತಿ ಹೆಸರೂ ಬೇಕಿಲ್ಲ. ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದುಡ್ಡು ಮುಟ್ಟುವುದಿಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನನ್ನ ಕಥೆಯನ್ನೇ ಯಾರೋ ಗುರುತಿಲ್ಲದವನ ಬಾಯಲ್ಲಿ ಕೇಳಿ ಅತ್ತುಬಿಟ್ಟೆ. ಬಿಟ್ಟು ಈಗ ಹನ್ನೆರಡು ವರ್ಷ. ಅಡವಿಟ್ಟ ಹೆಂಡತಿಯ ಸರ ಬಿಡಿಸಿಕೊಂಡದ್ದು ಮೂರನೇ ವರ್ಷ. ಅವಳ ಮನಸ್ಸಿನ ಬಾಕಿ ಇನ್ನೂ ತೀರಿಸುತ್ತಿದ್ದೇನೆ.

ಒಂದು ಎಚ್ಚರಿಕೆ ಹೇಳುತ್ತೇನೆ, ಕೇಳಿ. ದಿನಾ ಹೆಚ್ಚಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮೆ ಆಗಬಹುದು, ಪ್ರಾಣವೇ ಹೋಗಬಹುದು. ಬಿಡಿಸುತ್ತೇವೆಂದು ಅವನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗವಿದೆ. 14446 ವ್ಯಸನಮುಕ್ತಿಗೆ ಸರ್ಕಾರದ ಉಚಿತ ಫೋನು. ಮನಸ್ಸು ಕುಸಿದು, ಸಾಯಬೇಕೆನಿಸಿದರೆ 14416ಕ್ಕೆ ಮಾಡಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರೂ ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಬಿಟ್ಟವರು ಮತ್ತೆ ಬೀಳದಿರಲೆಂದು ನವಜೀವನ ಸಮಿತಿ ಮಾಡುತ್ತಾರೆ. ಯಾವ ದಾರಿಯಾದರೂ ಸರಿ, ಮದ್ದು ಮೈಯನ್ನು ಸರಿಮಾಡುತ್ತದೆ. ಆಮೇಲಿನ ಸಂಜೆಗಳನ್ನು ಕಳೆಯಲು ಜೊತೆ ಬೇಕು.

ಆ ಜೊತೆ ಹುಡುಕುವುದೇ ನಮ್ಮ ಹಳ್ಳಿಯವನ ಕಷ್ಟ. ಮಾಗಡಿ ಕಡೆಯವನು, ಕನಕಪುರದ ಕಾಡಂಚಿನವನು ವಾರವಾರ ಸಂಜೆ ಬೆಂಗಳೂರಿಗೆ ಹೋಗಿಬರಲು ಆಗುತ್ತಾ? ಡೇರಿಗೆ ಹಾಲು ಹಾಕೋರು ಯಾರು? ರಾತ್ರಿ ವಾಪಸು ಬರಲು ಬಸ್ಸೆಲ್ಲಿದೆ? ಸಾರಾಯಿ ಇದ್ದ ಕಾಲದಲ್ಲಿ ಪ್ಯಾಕೆಟ್ಟು ಊರಿನ ಬಾಗಿಲಿಗೇ ಬರುತ್ತಿತ್ತು. ಬಿಡುವವನು ಮಾತ್ರ ಪಟ್ಟಣ ಹುಡುಕಿಕೊಂಡು ಹೋಗಬೇಕು ಅಂದರೆ ಇದ್ಯಾವ ನ್ಯಾಯ?

ಹಾಗಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕಿನ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೆ. ನಿಮ್ಮ ಹತ್ತಿರ ಇಂಥ ಸಭೆ ನಡೆಯುತ್ತದೆಯೇ, ಯಾವ ದಿನ, ಯಾವ ಭಾಷೆಯಲ್ಲಿ ಎಂದು ವಿಚಾರಿಸಿ ಸಂಘದ ಕಚೇರಿಯ ಬೋರ್ಡಿನಲ್ಲಿ ಬರೆಯಿರಿ. ಇಲ್ಲವಾದರೆ ನಾವೇ ಶುರುಮಾಡೋಣ. ಕುಡಿತ ಬಿಡಬೇಕೆನ್ನುವ ಇಬ್ಬರು ಮೂವರು ಕೂತರೂ ಎ.ಎ. ಲೆಕ್ಕದಲ್ಲಿ ಅದು ಗುಂಪೇ. ವಾರಕ್ಕೊಂದು ಸಂಜೆ, ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ ಹೊತ್ತು, ಸಂಘದ ಕೋಣೆ ಬಿಟ್ಟುಕೊಡಿ. ಪುಕ್ಕಟೆ ಬೇಡ, ಸಣ್ಣ ಬಾಡಿಗೆ ಇಸ್ಕೊಳ್ಳಿ. ಯಾರ ಹಂಗಿಗೂ ಬೀಳಬಾರದೆಂಬುದು ಅವರ ನಿಯಮ. ಅಲ್ಲಿ ಹಸಿರು ಟವಲ್ಲಾಗಲಿ, ಭಾಷಣವಾಗಲಿ ಬೇಡ. ಒಳಗೆ ಯಾರು ಬಂದರು ಎಂದು ಹೊರಗೆ ಯಾರೂ ಆಡಿಕೊಳ್ಳಬಾರದು. ಮನೆಯ ಹೆಂಗಸರಿಗೂ ಬೇರೆಯಾಗಿ ಕೂತು ಮಾತಾಡಲು ಜಾಗ ಬೇಕು, ಹೊಡೆತ ತಿಂದವರು ಅವರು.

"ಕುಡುಕರ ಉಸಾಬರಿ ಸಂಘಕ್ಕೆ ಯಾಕೆ?" ಅಂತ ಕೇಳುವವರಿದ್ದಾರೆ. ಬೆಲೆ ಸಿಕ್ಕಿದ ವರ್ಷವೂ ನನ್ನ ಮನೆಗೆ ದುಡ್ಡು ಬರಲಿಲ್ಲವಲ್ಲ, ಅದಕ್ಕೆ. ಕೆ.ಜಿ.ಗೆ ಐವತ್ತು ರೂಪಾಯಿ ಹೆಚ್ಚು ಕೊಡಿಸಲು ವರ್ಷಗಟ್ಟಲೆ ಹೋರಾಡುವ ನಾವು, ಆ ಐವತ್ತು ಮನೆ ತಲುಪುವ ದಾರಿಯನ್ನೂ ಕಾಯಬೇಕು.

ಮುಂದಿನ ಸಭೆಯಲ್ಲಿ ಸಾಲದ ಪಟ್ಟಿ ತೆಗೆದಾಗ ಈ ಸಾಲವನ್ನೂ ಸೇರಿಸಿ. ಯಾರ ಹೆಸರೂ ಬರೆಯಬೇಕಿಲ್ಲ. ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಹೇಳಿದರೆ ಸಾಕು.